ಕೊಕ್ಕಿಗೆ ತಕ್ಕ ಊಟ

ನವಣೆ ತುಂಬಿದ ಡಬ್ಬಿಯನ್ನು ವರ್ಷವಿಡೀ ನೇತುಹಾಕಿದರೂ ಸಿಂಪಿಗ ಹಕ್ಕಿ ಅದರತ್ತ ತಿರುಗಿಯೂ ನೋಡುವುದಿಲ್ಲ. ಡಬ್ಬಿ ತೂಗುವ ಅದೇ ದಾಸವಾಳದ ಗಿಡದಲ್ಲಿ, ಬಾಲ ನಿಗುರಿಸಿಕೊಂಡು, ಎಲೆಯಿಂದ ಎಲೆಯಡಿಗೆ ನುಸುಳುತ್ತಾ ಅದು ದಿನವೆಲ್ಲ ಹುಳ ಹೆಕ್ಕುತ್ತಿರುತ್ತದೆ. ಕಾಳು ಅದರ ಪಾಲಿಗೆ ಆಹಾರವೇ ಅಲ್ಲ. ಮಡಿವಾಳ ಹಕ್ಕಿಗೂ ಅಲ್ಲ, ಸೂರಕ್ಕಿಗಂತೂ ಅಲ್ಲವೇ ಅಲ್ಲ. ಆದರೂ ಬೇಸಿಗೆ ಬಂದು ಹಕ್ಕಿಗಳ ಮೇಲೆ ನಮಗೆ ಕನಿಕರ ಹುಟ್ಟಿದ ಕೂಡಲೇ ಕೈ ಹೋಗುವುದು ಅಕ್ಕಿ ಡಬ್ಬಕ್ಕೆ.

ಬೆಂಗಳೂರು, ಮೈಸೂರು, ಶಿವಮೊಗ್ಗದಂಥ ಊರಿನಲ್ಲಿ ಸಾಧಾರಣ ಕೈತೋಟವೊಂದಕ್ಕೆ ಬಂದುಹೋಗುವ ಹಕ್ಕಿಗಳನ್ನು ಒಮ್ಮೆ ಪಟ್ಟಿ ಮಾಡಿ ನೋಡಿ. ಪಿಕಳಾರ, ಸೂರಕ್ಕಿ, ಬದನಿಕೆ ಹಕ್ಕಿ, ಸಿಂಪಿಗ, ಮಡಿವಾಳ, ಕುಟ್ರು ಹಕ್ಕಿ, ಕೋಗಿಲೆ, ಬಿಳಿಗಣ್ಣ, ಗೊರವಂಕ, ಕಾಗೆ, ಕೆಂಬೂತ, ಗಿಳಿ, ರಾಟವಾಳ, ಚೋರೆ, ಪಾರಿವಾಳ. ಅದೃಷ್ಟವಿದ್ದರೆ ಗುಬ್ಬಚ್ಚಿ. ಇವುಗಳಲ್ಲಿ ಕಾಳನ್ನೇ ನೆಚ್ಚಿಕೊಂಡವು ಗುಬ್ಬಚ್ಚಿ, ರಾಟವಾಳ, ಚೋರೆ, ಪಾರಿವಾಳ, ಒಂದಿಷ್ಟು ಮಟ್ಟಿಗೆ ಗಿಳಿ. ಒಂದು ಕೈಯ ಬೆರಳುಗಳಲ್ಲಿ ಲೆಕ್ಕ ಮುಗಿಯಿತು. ಉಳಿದವರೆಲ್ಲ ಹಣ್ಣು, ಮಕರಂದ, ಹುಳಹುಪ್ಪಟೆಯ ಗಿರಾಕಿಗಳು. ಹಾಗಾಗಿ ಯಾವ ಹಕ್ಕಿಗೆ ಏನು ಎಂಬ ಪ್ರಶ್ನೆಗೆ ಉತ್ತರವನ್ನು ಅಂಗಡಿಯ ಪೊಟ್ಟಣದ ಮೇಲೆ ಹುಡುಕುವ ಮೊದಲು ಹಕ್ಕಿಯ ಕೊಕ್ಕಿನ ಮೇಲೆ ಹುಡುಕಬೇಕು. ಗಿಡ್ಡಗೆ, ದಪ್ಪಗೆ, ಬುಡದಲ್ಲಿ ಅಗಲವಾಗಿರುವ ಕೊಕ್ಕು ಕಾಳು ಸುಲಿಯುವುದಕ್ಕೆ. ಸೂಜಿಯಂತೆ ಸಪೂರವಾಗಿ ಬಾಗಿದ್ದು ಹೂವಿನೊಳಗೆ ಇಳಿಸುವುದಕ್ಕೆ. ನೇರವಾಗಿ ಚೂಪಾಗಿದ್ದರೆ ಹುಳ ಹಿಡಿಯುವುದಕ್ಕೆ. ಕುಟ್ರು ಹಕ್ಕಿಯದು ಭಾರೀ ಕೊಕ್ಕು. ಹಣ್ಣು ಬಗೆಯುವುದಕ್ಕೂ ಅದೇ, ಗೂಡಿಗೆಂದು ಒಣಗಿದ ಕೊಂಬೆಯಲ್ಲಿ ತೂತು ಕೊರೆಯುವುದಕ್ಕೂ ಅದೇ.

ಕಾಳಿನಿಂದಲೇ ಶುರು ಮಾಡೋಣ, ಎಲ್ಲರೂ ಹಾಕುವುದು ಅದನ್ನೇ ಆದ್ದರಿಂದ. ಗುಬ್ಬಚ್ಚಿ, ರಾಟವಾಳಗಳಿಗೆ ಸಣ್ಣ ಕಾಳು ಬೇಕು: ನವಣೆ, ಸಾಮೆ, ಸಜ್ಜೆ, ಅಕ್ಕಿ ನುಚ್ಚು. ಸಿಪ್ಪೆ ಸಮೇತ ಇರುವ ನವಣೆಯೇ ಒಳ್ಳೆಯದು, ಬೇಗ ಹುಳ ಹಿಡಿಯುವುದಿಲ್ಲ. ಗುಬ್ಬಿ ತಿನ್ನುವುದನ್ನು ಹತ್ತಿರದಿಂದ ನೋಡಿ. ಕಾಳನ್ನು ಕೊಕ್ಕಿನ ಅಂಚಿಗೆ ತಂದು, ನಾಲಿಗೆಯಿಂದ ಹೊರಳಿಸಿ, ಸಿಪ್ಪೆ ಬಿರಿಸಿ, ತಿರುಳನ್ನು ಒಳಗೆಳೆದುಕೊಂಡು ಹೊಟ್ಟನ್ನು ಅಲ್ಲೇ ಉದುರಿಸುತ್ತದೆ. ಸಂಜೆಯ ಹೊತ್ತಿಗೆ ಬಟ್ಟಲು ತುಂಬಿದಂತೆಯೇ ಕಾಣುತ್ತದೆ, ಇರುವುದು ಬರೀ ಹೊಟ್ಟು. "ಹಾಕಿದ್ದು ಹಾಗೇ ಇದೆ, ಹಕ್ಕಿಗಳು ಮುಟ್ಟೇ ಇಲ್ಲ" ಎಂದು ಬೇಸರಪಡುವವರು ಒಮ್ಮೆ ಬಟ್ಟಲಿಗೆ ಉಫ್ ಎಂದು ಊದಿ ನೋಡಬೇಕು. ಚೋರೆಗೆ ಸುಲಿಯುವ ಗೋಜಿಲ್ಲ. ಇಡೀ ಕಾಳು ನುಂಗುತ್ತದೆ. ನೆಲದಲ್ಲಿ ಹೆಕ್ಕಿಕೊಂಡ ಸಣ್ಣ ಹರಳುಗಳು ಹೊಟ್ಟೆಯಲ್ಲಿ ಅದನ್ನು ಅರೆಯುತ್ತವೆ. ಆದ್ದರಿಂದ ಅದಕ್ಕೆ ಜೋಳವೂ ನಡೆಯುತ್ತದೆ, ಆದರೆ ತೂಗುವ ಡಬ್ಬಿ ನಡೆಯುವುದಿಲ್ಲ. ನೆಲ ಅಥವಾ ಅಗಲವಾದ ಜಾಗ ಬೇಕು.

ಅಕ್ಕಿಯ ಬಗ್ಗೆ ಒಂದು ಹೆದರಿಕೆ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿರುತ್ತದೆ: ಹಸಿ ಅಕ್ಕಿ ಹೊಟ್ಟೆಯಲ್ಲಿ ಉಬ್ಬಿ ಹಕ್ಕಿ ಸಾಯುತ್ತದಂತೆ. ಕೊಯ್ಲಿನ ಕಾಲದಲ್ಲಿ ಒಂದು ಭತ್ತದ ಗದ್ದೆಯ ಬದುವಿನಲ್ಲಿ ಅರ್ಧ ಗಂಟೆ ನಿಂತವರು ಇದನ್ನು ನಂಬಲಾರರು. ತೆನೆಗೆ ಜೋತುಬಿದ್ದು ತಿನ್ನುವ ರಾಟವಾಳದ ಹಿಂಡಿಗೆ ಏನೂ ಆಗುವುದಿಲ್ಲ, ಆಗುವುದೇನಿದ್ದರೂ ರೈತನಿಗೆ. ನಿಜವಾಗಿ ಹೆದರಬೇಕಾದ್ದು ಬೂಸ್ಟು ಹಿಡಿದ ಕಾಳಿಗೆ, ಅದರಲ್ಲೂ ಕಡಲೆಕಾಯಿ ಬೀಜಕ್ಕೆ. ಬೂಸ್ಟಿನ ವಿಷ ಹಕ್ಕಿಯ ಯಕೃತ್ತನ್ನು ಕೆಡಿಸುತ್ತದೆ. ನಾವು ತಿನ್ನಲು ಹಿಂಜರಿಯುವ ಕಾಳು ಹಕ್ಕಿಗೆ ದಾನಕ್ಕೂ ಯೋಗ್ಯವಲ್ಲ.

ಈಗ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಚೆಂದದ ಪೊಟ್ಟಣಗಳು ಬಂದಿವೆ. ಸೂರ್ಯಕಾಂತಿ ಬೀಜ, ಕೊಬ್ಬಿನ ಉಂಡೆ, ಬಣ್ಣದ ಫೀಡರ್. ಇವುಗಳ ಹಿಂದಿರುವ ಲೆಕ್ಕ ಬೇರೆ ದೇಶದ್ದು. ಬ್ರಿಟನ್, ಅಮೆರಿಕದಲ್ಲಿ ಹಿಮ ಬಿದ್ದು ನೆಲ ಮುಚ್ಚಿದಾಗ, ಚಳಿಯ ಉದ್ದನೆಯ ರಾತ್ರಿ ದಾಟಲು ಸಣ್ಣ ಹಕ್ಕಿಗೆ ಕೊಬ್ಬು ಬೇಕಾಗುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲ, ಆ ಹಕ್ಕಿಗಳೂ ಇಲ್ಲ. ಕೊಬ್ಬಿನ ಉಂಡೆ ಏಪ್ರಿಲ್ ಬಿಸಿಲಿಗೆ ಕರಗಿ ಜಿಡ್ಡಾಗಿ ಸೋರುತ್ತದೆ, ಆ ಜಿಡ್ಡು ಗರಿಗೆ ಮೆತ್ತಿಕೊಂಡರೆ ಹಕ್ಕಿಗೇ ಕಷ್ಟ. ಸೂರ್ಯಕಾಂತಿ ಬೀಜ ಇಟ್ಟರೆ ಗಿಳಿಗಳು ಖಂಡಿತ ಬರುತ್ತವೆ, ಅಳಿಲು ಅವುಗಳಿಗಿಂತ ಮೊದಲು ಬರುತ್ತದೆ. ಬಂದ ಗಿಳಿಯನ್ನು ಹಿಡಿದು ಪಂಜರಕ್ಕೆ ಹಾಕುವ ಯೋಚನೆ ಮಾತ್ರ ಬೇಡ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಅಡುಗೆಮನೆಯಲ್ಲಿ ಮಿಕ್ಕಿದ್ದರ ವಿಷಯಕ್ಕೆ ಬಂದರೆ, ಚಿತ್ರಾನ್ನ, ಉಪ್ಪಿಟ್ಟು, ಮಿಕ್ಸ್‌ಚರ್, ಚಿಪ್ಸ್ ಇವೆಲ್ಲ ಬೇಡವೇ ಬೇಡ. ಉಪ್ಪನ್ನು ಹೊರಹಾಕುವ ಶಕ್ತಿ ಸಣ್ಣ ಹಕ್ಕಿಗಳ ಮೂತ್ರಪಿಂಡಕ್ಕೆ ಕಡಿಮೆ. ಹಾಲು ಕೂಡದು, ಹಕ್ಕಿಗಳಿಗೆ ಅದು ಜೀರ್ಣವಾಗುವುದಿಲ್ಲ. ಬ್ರೆಡ್, ಬಿಸ್ಕತ್ತು ವಿಷವೇನಲ್ಲ; ಹೊಟ್ಟೆ ತುಂಬಿಸುತ್ತವೆ, ಪೋಷಿಸುವುದಿಲ್ಲ. ಬರೀ ಅನ್ನ ಒಂದು ತುತ್ತು ಇಟ್ಟರೆ ತೊಂದರೆಯಿಲ್ಲ, ಹಳಸುವ ಮೊದಲು ತೆಗೆಯಬೇಕು ಅಷ್ಟೇ. ಆದರೆ ಅನ್ನಕ್ಕೆ ಮೊದಲು ಬರುವುದು ಕಾಗೆ. ತಿಥಿಯ ದಿನ ಕಾಗೆಗೆ ಎಡೆ ಇಡುವುದು ಬೇರೆ ಮಾತು. ದಿನವೂ ಒಂದೇ ಜಾಗದಲ್ಲಿ ಅನ್ನ ಸುರಿದರೆ ಕಾಗೆಗಳು ಆ ತೋಟವನ್ನು ತಮ್ಮ ಠಾಣೆ ಮಾಡಿಕೊಳ್ಳುತ್ತವೆ. ಪಕ್ಕದ ಪೊದೆಯಲ್ಲಿ ಪಿಕಳಾರ ಗೂಡು ಕಟ್ಟಿದ್ದರೆ ಅದರ ಮೊಟ್ಟೆ ಮರಿಗಳಿಗೆ ಉಳಿಗಾಲವಿಲ್ಲ. ಒಂದು ಹಕ್ಕಿಗೆ ಹಾಕಿದ ಊಟ ಇನ್ನೊಂದರ ಮನೆ ಮುರಿಯುವುದು ಹೀಗೆ.

ಪಾರಿವಾಳದ ಕಥೆ ಇದಕ್ಕಿಂತ ದೊಡ್ಡದು, ಮತ್ತು ಅದರಲ್ಲಿ ಕಲಿಯುವುದಿದೆ. ಹೆಚ್ಚಿನ ಸಣ್ಣ ಹಕ್ಕಿಗಳು ತಾವು ಕಾಳು ತಿಂದರೂ ಮರಿಗೆ ಗುಟುಕು ಕೊಡುವುದು ಹುಳುವಿನದ್ದೇ. ಗುಬ್ಬಚ್ಚಿಯ ಮರಿ ಮೊದಲ ದಿನಗಳಲ್ಲಿ ಕಂಬಳಿಹುಳ, ಗಿಡಹೇನು, ಸಣ್ಣ ಕೀಟಗಳನ್ನು ತಿಂದೇ ಬೆಳೆಯಬೇಕು, ಕಾಳಿನಿಂದ ಅದರ ಮೈ ಕಟ್ಟುವುದಿಲ್ಲ. ಪಾರಿವಾಳ, ಚೋರೆಗಳಿಗೆ ಈ ತಾಪತ್ರಯವಿಲ್ಲ. ತಿಂದ ಕಾಳಿನ ಬಲದಿಂದಲೇ ಅವು ಗಂಟಲ ಚೀಲದಲ್ಲಿ ಗಟ್ಟಿ ಮೊಸರಿನಂಥ ಒಂದು ಹಾಲು ಸ್ರವಿಸಿ, ಅದನ್ನೇ ಮರಿಗೆ ಉಣಿಸುತ್ತವೆ. ತಾಯಿಯೂ ಉಣಿಸುತ್ತದೆ, ತಂದೆಯೂ ಉಣಿಸುತ್ತದೆ. ಹುಳವಿದ್ದರೆಷ್ಟು ಬಿಟ್ಟರೆಷ್ಟು, ಕಾಳು ಸಿಕ್ಕರೆ ವರ್ಷದ ಯಾವ ತಿಂಗಳಲ್ಲೂ ಸಂಸಾರ ಹೂಡಬಹುದು. ಗೂಡಿಗೆ ಎ.ಸಿ. ಯಂತ್ರದ ಹಿಂದಿನ ಸಂದಿಯೇ ಸಾಕು. ನಾವು ಗುಬ್ಬಿಗೆಂದು ಚೆಲ್ಲುವ ಕಾಳು ಪಾರಿವಾಳದ ಮರಿಯಾಗುತ್ತದೆ, ಗುಬ್ಬಿಯ ಮರಿಯಾಗುವುದಿಲ್ಲ. ಪಾರಿವಾಳದ ಒಣಗಿದ ಹಿಕ್ಕೆಯ ಧೂಳು ಕೆಲವರಿಗೆ ತೀವ್ರವಾದ ಶ್ವಾಸಕೋಶದ ಕಾಯಿಲೆ ತರುತ್ತದೆ. 2025ರಲ್ಲಿ ಮುಂಬೈನಲ್ಲಿ ಜನ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದ ದಾದರ್ ಕಬೂತರ್‌ಖಾನಾ ಮುಚ್ಚಿದ್ದು, ಅದರ ವಿರುದ್ಧ ಜನ ಬೀದಿಗಿಳಿದದ್ದು, ವಿಷಯ ಹೈಕೋರ್ಟಿನ ಮೆಟ್ಟಿಲೇರಿದ್ದು ಎಲ್ಲವೂ ಈ ಕಾಳಿನ ಸುತ್ತಲೇ. ಆದ್ದರಿಂದ ಗುಬ್ಬಿಗೆ ಹಾಕುವುದಾದರೆ ಪಾರಿವಾಳ ಕೂರಲಾಗದಂಥ ಸಣ್ಣ ಕೋಲಿನ ಡಬ್ಬಿಯಲ್ಲಿ, ಒಂದು ಹಿಡಿಯಷ್ಟೇ ಹಾಕಿ. ಇನ್ನೂ ಒಳ್ಳೆಯ ಉಪಾಯ ಹಳ್ಳಿಮನೆಗಳ ಜಗುಲಿಯದು: ಭತ್ತದ ತೆನೆಯ ಗೊಂಚಲು ಕಟ್ಟಿ ತೂಗುಬಿಡುವುದು. ಗುಬ್ಬಿ ಅದಕ್ಕೆ ಜೋತುಬಿದ್ದು ತಿನ್ನಬಲ್ಲದು. ಮೈಭಾರದ ಪಾರಿವಾಳಕ್ಕೆ ಆ ಸರ್ಕಸ್ ಆಗದು.

ಹಣ್ಣು ತಿನ್ನುವ ಹಕ್ಕಿಗಳನ್ನು ಕರೆಯುವುದು ಇದಕ್ಕಿಂತ ಸುಲಭ. ಮಾಗಿದ ಬಾಳೆ, ಪಪ್ಪಾಯಿ, ಸೀಬೆ, ಸಪೋಟ, ಯಾವುದಾದರೂ ಸರಿ. ಅಡ್ಡಕ್ಕೆ ಸೀಳಿ, ಕೊಂಬೆಯ ಮುರಿದ ತುದಿಗೆ ಚುಚ್ಚಿ ಬೆಳಗ್ಗೆ ಇಡಿ, ಕತ್ತಲಾಗುವ ಮೊದಲು ತೆಗೆಯಿರಿ. ಪಿಕಳಾರ ಮೊದಲು ಬರುತ್ತದೆ, ಬಂದು ಗದ್ದಲ ಮಾಡಿ ನೆಂಟರನ್ನೂ ಕರೆಯುತ್ತದೆ. ಕುಟ್ರು ಹಕ್ಕಿ ಹಣ್ಣಿನ ಮೇಲೆ ಗಟ್ಟಿಯಾಗಿ ಕೂತು ಬಗೆಯುತ್ತದೆ. ಕೋಗಿಲೆ ಎಲೆಗಳ ಮರೆಯಲ್ಲಿ ಸದ್ದಿಲ್ಲದೆ ತಿಂದು ಹೋಗುತ್ತದೆ, ಅದರ ಜಂಬವೆಲ್ಲ ಹಾಡುವಾಗ ಮಾತ್ರ. ಎಲ್ಲರೂ ಹೋದ ಮೇಲೆ ಬಿಳಿಗಣ್ಣಗಳ ಗುಂಪು ಸಿಪ್ಪೆಗಂಟಿದ ತಿರುಳನ್ನು ಸ್ವಚ್ಛ ಮಾಡುತ್ತದೆ. ಮಂಗಗಳ ಕಾಟವಿರುವ ಊರಿನಲ್ಲಿ ಮಾತ್ರ ಈ ಉಪಚಾರ ಬೇಡ, ಹಣ್ಣಿನ ಜೊತೆ ಹೆಂಚೂ ಹೋಗುತ್ತದೆ.

ಆದರೆ ದಿನವೂ ಹಣ್ಣು ಕೊಯ್ದಿಡುವುದಕ್ಕಿಂತ ಒಂದು ಮರ ನೆಡುವುದು ಅಗ್ಗ. ನಮ್ಮ ಊರುಗಳಲ್ಲಿ ಗಸಗಸೆ ಮರವೆಂದು ಕರೆಯುವ, ಮಕ್ಕಳು ಬೇಲಿ ಹಾರಿ ಹೆಕ್ಕುವ ಕೆಂಪು ಹಣ್ಣಿನ ಮರ ಮೂಲತಃ ಅಮೆರಿಕ ಖಂಡದ್ದು. ಬೇಗ ಬೆಳೆಯುತ್ತದೆ, ಹೆಚ್ಚುಕಡಿಮೆ ವರ್ಷವಿಡೀ ಹಣ್ಣು ಕೊಡುತ್ತದೆ, ಅದಿದ್ದ ಬೀದಿಯಲ್ಲಿ ಹಕ್ಕಿಗೆ ಬರವಿಲ್ಲ. ಜಾಗವಿಲ್ಲದವರಿಗೆ ಕರಿಬೇವೇ ಸಾಕು. ಒಗ್ಗರಣೆಗೆಂದು ಎಲ್ಲ ಕೊಂಬೆಗಳನ್ನೂ ಸವರಿಬಿಡದೆ ಒಂದನ್ನು ಹೂ ಬಿಡಲು ಬಿಟ್ಟರೆ, ಕಪ್ಪಗೆ ಮಾಗಿದ ಅದರ ಹಣ್ಣಿಗೆ ಪಿಕಳಾರ, ಕೋಗಿಲೆ ಬರುತ್ತವೆ. ಸಂಪಿಗೆ ಕಾಯಿ ಬಿರಿದು ಕೆಂಪು ಬೀಜ ಕಾಣಿಸಿಕೊಂಡಾಗಲೂ ಹೀಗೇ ಜಾತ್ರೆ. ಈ ಹಕ್ಕಿಗಳು ತಿಂದ ಊಟಕ್ಕೆ ಬೀಜ ಬಿತ್ತಿ ಋಣ ತೀರಿಸುತ್ತವೆ. ಕಾಡಿನಲ್ಲಿ ಶ್ರೀಗಂಧ ಹರಡುವುದೂ ಹೀಗೆಯೇ. ಹಾಗೆಂದು ಅವು ಎಲ್ಲವನ್ನೂ ಅಳೆದು ತೂಗಿ ಬಿತ್ತುವುದಿಲ್ಲ, ಲಂಟಾನ ಕಾಡು ತುಂಬಿದ್ದರಲ್ಲೂ ಪಿಕಳಾರದ ಪಾಲಿದೆ. ಬೇಲಿಗೆ ಗಿಡ ಆರಿಸುವಾಗ ಇದು ನೆನಪಿರಲಿ.

ಸೂರಕ್ಕಿಗೆ ಸಕ್ಕರೆ ನೀರು ಇಡಬಹುದೇ ಎಂದು ಕೇಳುವವರು ಬಹಳ. ಅಮೆರಿಕದಲ್ಲಿ ಹಮ್ಮಿಂಗ್‌ಬರ್ಡ್‌ಗಳಿಗೆ ಹಾಗೆ ಇಡುತ್ತಾರೆ, ಅದನ್ನು ನೋಡಿ ಇಲ್ಲೂ ಕೆಂಪು ಬಾಟಲಿಗಳು ಬಂದಿವೆ. ನಮ್ಮ ಬಿಸಿಲಿಗೆ ಆ ನೀರು ಬಹುಬೇಗ ಹುಳಿಯುತ್ತದೆ, ಇರುವೆ ಮುತ್ತುತ್ತದೆ, ದಿನವೂ ಬಾಟಲಿ ಉಜ್ಜಿ ತೊಳೆಯದಿದ್ದರೆ ಬೂಸ್ಟು ಕಟ್ಟುತ್ತದೆ. ಜೇನು ಬೆರೆಸಿದರೆ ಇನ್ನೂ ಬೇಗ ಕೆಡುತ್ತದೆ. ಅದರ ಬದಲು ದಾಸವಾಳ, ಕೇಪಳ, ರತ್ನಗಂಧಿ, ಒಂದು ಬಾಳೆ, ಒಂದು ನುಗ್ಗೆ ಇದ್ದರೆ ಸೂರಕ್ಕಿಗೆ ಬಾಟಲಿಯ ಹಂಗಿಲ್ಲ. ದಾಸವಾಳದಲ್ಲಿ ಒಂಟಿ ಸುತ್ತಿನ ಹಳೆಯ ನಾಟಿ ತಳಿ ಇರಲಿ. ಗೊಂಡೆಯಂತೆ ತುಂಬಿದ ಹೂವಿನಲ್ಲಿ ಕೊಕ್ಕು ಇಳಿಸಲು ದಾರಿಯೇ ಸಿಗುವುದಿಲ್ಲ. ನಾಟಿ ದಾಸವಾಳವೂ ಸೂರಕ್ಕಿಗೆ ಸ್ವಲ್ಪ ಉದ್ದವೇ. ಅದಕ್ಕೆ ಅದು ಒಳದಾರಿ ಹಿಡಿಯುತ್ತದೆ: ಹೂವಿನ ಬುಡಕ್ಕೆ ಪಕ್ಕದಿಂದ ಕೊಕ್ಕು ಚುಚ್ಚಿ, ಮಕರಂದ ಹೀರಿ, ಪರಾಗದ ತಂಟೆಗೇ ಹೋಗದೆ ಹಾರುತ್ತದೆ. ಬೆಳಗ್ಗೆ ದೇವರಿಗೆ ಹೂ ಕೊಯ್ಯುವಾಗ ಬುಡದಲ್ಲಿ ಸಣ್ಣ ಸೀಳು ಕಂಡರೆ, ನಿಮಗಿಂತ ಮೊದಲು ಎದ್ದವರಿದ್ದಾರೆ ಎಂದರ್ಥ.

ಸೂರಕ್ಕಿಯ ಅಣ್ಣತಮ್ಮನಂತೆ ಕಾಣುವ, ಎಂಟು ಸೆಂಟಿಮೀಟರಿನಷ್ಟೇ ಉದ್ದದ ಬದನಿಕೆ ಹಕ್ಕಿಯ ಊಟ ಮಾತ್ರ ತೋಟದವರಿಗೆ ಇಷ್ಟವಾಗದ್ದು. ಮಾವು, ಸಪೋಟ ಮರಗಳ ಮೇಲೆ ಬೇರೂರಿ ರಸ ಹೀರುವ ಬದನಿಕೆಯ ಹಣ್ಣು ಅದಕ್ಕೆ ಪ್ರಾಣ. ಹಣ್ಣು ನುಂಗಿದ ಸ್ವಲ್ಪ ಹೊತ್ತಿಗೇ ಬೀಜ ಹೊರಬರುತ್ತದೆ, ಅಂಟಂಟಾಗಿ. ಹಕ್ಕಿ ಅದನ್ನು ಕೊಂಬೆಗೆ ಒರೆಸಿ ಬಿಡಿಸಿಕೊಳ್ಳುತ್ತದೆ. ಬದನಿಕೆಗೆ ಬೇಕಾದ್ದೂ ಅದೇ, ಬೀಜ ಕೊಂಬೆಗೆ ಅಂಟಿತು. ಪಕ್ಷಿತಜ್ಞ ಸಲೀಂ ಅಲಿ ಕೊಂಕಣದಲ್ಲಿ ಈ ವ್ಯವಹಾರವನ್ನು ಗಮನಿಸಿ 1931ರಲ್ಲೇ ಬರೆದಿದ್ದರು. ಬದನಿಕೆ ಮರವನ್ನು ಸೊರಗಿಸುತ್ತದೆ ನಿಜ, ಹೆಚ್ಚಾದರೆ ಸವರಲೇಬೇಕು. ಆದರೆ ಒಂದು ಹಳೆಯ ಮರದ ಒಂದು ಕೊಂಬೆಯಲ್ಲಿ ಉಳಿಸಿದರೆ ಅದರ ಹೂವಿಗೆ ಸೂರಕ್ಕಿಯೂ ಬರುತ್ತದೆ, ಹಣ್ಣಿಗೆ ಬದನಿಕೆ ಹಕ್ಕಿಯೂ ಬರುತ್ತದೆ.

ಇನ್ನು ಉಳಿದದ್ದು ಹುಳ ತಿನ್ನುವವರು, ಅಂದರೆ ತೋಟದ ಬಹುಪಾಲು ಹಕ್ಕಿಗಳು. ಸಿಂಪಿಗ, ಮಡಿವಾಳ, ಹರಟೆಮಲ್ಲ, ಚಂದ್ರಮುಕುಟ, ಕಾಜಾಣ. ಮರಿ ಸಾಕುವ ತಿಂಗಳುಗಳಲ್ಲಿ ಪಿಕಳಾರ, ಸೂರಕ್ಕಿ, ಗುಬ್ಬಚ್ಚಿಗಳೂ ಇದೇ ಸಾಲಿಗೆ ಸೇರುತ್ತವೆ. ಚಳಿಗಾಲಕ್ಕೆ ಹಿಮಾಲಯದ ಕಡೆಯಿಂದ, ಮಧ್ಯ ಏಷ್ಯಾದಿಂದ ಬರುವ ಎಲೆ ಉಲಿಯಕ್ಕಿಗಳು ಹತ್ತು ಗ್ರಾಂ ಕೂಡ ತೂಗುವುದಿಲ್ಲ. ಅಷ್ಟು ದೂರ ಹಾರಿ ನಮ್ಮ ಹೊಂಗೆ ಮರಕ್ಕೆ ಬರುವುದು ಅದರ ಎಲೆಗಳಲ್ಲಿನ ಕೀಟಕ್ಕಾಗಿ, ನಮ್ಮ ನವಣೆಗಾಗಿ ಅಲ್ಲ. ದೇಶದ ಕೋಟ್ಯಂತರ ಪಕ್ಷಿವೀಕ್ಷಣೆಗಳನ್ನು ಒಟ್ಟುಗೂಡಿಸಿ 2023ರಲ್ಲಿ ಹೊರಬಂದ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ 942 ಜಾತಿಗಳನ್ನು ಪರಿಶೀಲಿಸಿತ್ತು. ಅದರಲ್ಲಿ ಕಂಡ ಒಂದು ಸಂಗತಿ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ: ಹಣ್ಣು, ಮಕರಂದ ತಿನ್ನುವ ಹಕ್ಕಿಗಳ ಸ್ಥಿತಿ ಪರವಾಗಿಲ್ಲ, ಮಾಂಸ ತಿನ್ನುವವು, ಹುಳಹುಪ್ಪಟೆ ತಿನ್ನುವವು ಇಳಿಮುಖವಾಗಿವೆ. ಏರುತ್ತಿರುವವರ ಸಾಲಿನಲ್ಲಿ ಪಾರಿವಾಳವಿದೆ, ಕೋಗಿಲೆಯೂ ಇದೆ. ಊಟದ ಕೊರತೆ ಇರುವುದು ಯಾರಿಗೆ, ನಾವು ಬಡಿಸುತ್ತಿರುವುದು ಯಾರಿಗೆ ಎಂದು ಯೋಚಿಸಬೇಕಾದ್ದು ಇಲ್ಲಿ.

ಹುಳವನ್ನು ಬಟ್ಟಲಲ್ಲಿ ಇಡಲು ಬರುವುದಿಲ್ಲ. ಇಡಬೇಕಾಗಿಯೂ ಇಲ್ಲ, ಕೊಲ್ಲದಿದ್ದರೆ ಸಾಕು. ದಾಸವಾಳಕ್ಕೆ ಬಿಳಿ ತಿಗಣೆ ಹತ್ತಿದ ಕೂಡಲೇ ಔಷಧಿ ಹೊಡೆಯುವ ಬದಲು ನೀರನ್ನು ರಭಸವಾಗಿ ಹಾಯಿಸಿ, ತೀರಾ ಹೆಚ್ಚಾದ ಕೊಂಬೆ ಕತ್ತರಿಸಿ. ನಿಂಬೆ ಗಿಡದ ಎಲೆ ಕಂಬಳಿಹುಳದ ಪಾಲಾದರೆ ಒಂದು ವಾರ ಸುಮ್ಮನಿದ್ದು ನೋಡಿ, ಗುಟುಕು ಹುಡುಕುತ್ತಿರುವ ಸಿಂಪಿಗ ತನ್ನ ಪಾಲಿನ ಕೆಲಸ ಮಾಡುತ್ತದೆ. ಉದುರಿದ ಎಲೆಯನ್ನು ದಿನವೂ ಗುಡಿಸಿ ಸುಡುವುದು ನಮ್ಮಲ್ಲಿ ಅಚ್ಚುಕಟ್ಟಿನ ಲಕ್ಷಣ. ಆ ತರಗೆಲೆಯಡಿಯ ಗೆದ್ದಲು, ಎರೆಹುಳ, ಜಿರಲೆ ಮರಿ ಮಡಿವಾಳ ಮತ್ತು ಹರಟೆಮಲ್ಲನ ಊಟ. ಮರದ ಬುಡದಲ್ಲಿ ಅದನ್ನು ಹಾಗೇ ಬಿಟ್ಟರೆ ನೆಲಕ್ಕೂ ತಂಪು, ನೀರೂ ಉಳಿತಾಯ. ಬೇಲಿ ಮೂಲೆಯ ಜೇಡರ ಬಲೆಗೂ ಕೆಲಸವಿದೆ. ಸೂರಕ್ಕಿ ತನ್ನ ತೂಗುಗೂಡನ್ನು ಹೆಣೆಯುವುದು ಆ ನೂಲಿನಿಂದ, ಮರಿಗೆ ಉಣಿಸುವುದು ಆ ಜೇಡವನ್ನು.

ನೀರಿನ ಬಗ್ಗೆ ಮಾತು ಕಡಿಮೆ ಸಾಕು. ಎಲ್ಲ ಬಗೆಯ ಕೊಕ್ಕಿಗೂ ಬೇಕಾದ ಒಂದೇ ವಸ್ತು ಅದು. ಒಂದೆರಡು ಅಂಗುಲ ಆಳದ ಅಗಲವಾದ ಮಣ್ಣಿನ ಬಟ್ಟಲು, ನಡುವೆ ಹಕ್ಕಿ ಕೂರಲು ಒಂದು ಕಲ್ಲು, ಬೆಕ್ಕು ಹೊಂಚು ಹಾಕಲಾಗದ ಎತ್ತರ. ದಿನವೂ ನೀರು ಚೆಲ್ಲಿ ಒಳಅಂಚನ್ನು ಉಜ್ಜಬೇಕು, ಯಾಕೆಂದರೆ ಡೆಂಗಿ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಗೆರೆಗಿಂತ ತುಸು ಮೇಲೆ. ಕಾಳಿನ ಬಟ್ಟಲಿಗೂ ಇದೇ ನೇಮ. ಬ್ರಿಟನ್ನಿನಲ್ಲಿ 2005ರಿಂದೀಚೆಗೆ ಗಂಟಲು ಕಟ್ಟುವ ಒಂದು ಪರಾವಲಂಬಿ ರೋಗ ಫೀಡರ್‌ಗಳ ಎಂಜಲಿನ ಮೂಲಕ ಹರಡಿ, ಗ್ರೀನ್‌ಫಿಂಚ್ ಎಂಬ ಹಕ್ಕಿಯ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಿದ್ದಿತು. ಅಲ್ಲಿನ ಹಕ್ಕಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ 2025ರಲ್ಲಿ ಚಪ್ಪಟೆ ತಟ್ಟೆಯ ಫೀಡರ್‌ಗಳ ಮಾರಾಟವನ್ನೇ ನಿಲ್ಲಿಸಿತು. ಹಕ್ಕಿಗೆ ಊಟ ಹಾಕುವುದರಲ್ಲಿ ನಮಗಿಂತ ಹಳಬರಾದ ದೇಶದವರು ತಡವಾಗಿ ಕಲಿತದ್ದನ್ನು ನಾವು ಮೊದಲೇ ಕಲಿಯಬಹುದು.

ಹಾಗಾದರೆ ಕಾಳು ಹಾಕುವುದನ್ನು ನಿಲ್ಲಿಸಬೇಕೆ? ಬೇಡ. ಮನೆಯ ಮಗು ಗುಬ್ಬಿಯನ್ನು ಹತ್ತಿರದಿಂದ ನೋಡುವುದಕ್ಕೆ ಒಂದು ಹಿಡಿ ನವಣೆಗಿಂತ ಒಳ್ಳೆಯ ದಾರಿಯಿಲ್ಲ. ಆದರೆ ಅದನ್ನೇ ಹಕ್ಕಿ ಸಂರಕ್ಷಣೆ ಎಂದುಕೊಂಡು ನಿಲ್ಲಬಾರದು. ಇವತ್ತು ನಗರಗಳಲ್ಲಿ ಹಕ್ಕಿಯ ಊಟ ತೀರ್ಮಾನವಾಗುವುದು ನಮ್ಮ ಬಾಲ್ಕನಿಯಲ್ಲಲ್ಲ, ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ. ತೋಟಕ್ಕೆ ತಿಂಗಳಿಗೊಮ್ಮೆ ಕೀಟನಾಶಕ ಹೊಡೆಯುವ ಗುತ್ತಿಗೆಗೆ ಸಹಿ ಬೀಳುವುದು ಅಲ್ಲಿ. ಬಡಾವಣೆಯ ಉದ್ಯಾನಕ್ಕೆ ಹುಲ್ಲುಹಾಸು ಸಾಕೇ, ಒಂದು ಅತ್ತಿಯೋ ಬಸರಿಯೋ ಬೇಕೇ ಎಂದು ನಿಶ್ಚಯವಾಗುವುದೂ ಅಂಥ ಸಭೆಗಳಲ್ಲೇ. ಮಳೆಗಾಲದ ಆರಂಭದಲ್ಲಿ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕಡಿಮೆ ಬೆಲೆಗೆ ಸಸಿ ಸಿಗುತ್ತದೆ. ಮುಂದಿನ ಸಭೆಯ ನೋಟಿಸ್ ಬಂದಾಗ ಎರಡು ವಿಷಯ ಸೇರಿಸಲು ಹೇಳಿ: ಔಷಧಿ ಹೊಡೆಸುವ ಗುತ್ತಿಗೆ ರದ್ದು, ಉದ್ಯಾನದ ಮೂಲೆಗೊಂದು ಅತ್ತಿ ಸಸಿ. ಅಧ್ಯಕ್ಷರು ಖರ್ಚೆಷ್ಟು ಎಂದು ಕೇಳುತ್ತಾರೆ. ಗುತ್ತಿಗೆಯ ದುಡ್ಡಿನಲ್ಲಿ ಸಸಿ ಬಂದು, ಮಿಕ್ಕಿದ್ದು ಸಂಘದ ಖಾತೆಗೇ ಉಳಿಯುತ್ತದೆ ಎಂದು ಧೈರ್ಯವಾಗಿ ಹೇಳಬಹುದು.